ಮೂರು ಕವಲು ದಾಟುವ ಮಾತು

ನದಿ ಮೂರು ಕವಲಾಗಿ ಹರಿಯುವ ಕಡೆ ಒಂದು ಆಶ್ರಮವಿತ್ತು. ಕವಲುಗಳ ನಡುವೆ ಎರಡು ನಡುಗಡ್ಡೆಗಳು, ಒಂದೊಂದರಲ್ಲೂ ಒಂದು ಊರು. ಮೂರನೆಯ ಕವಲಿನ ಆಚೆ ದಡದಲ್ಲಿ ಕೊನೆಯ ಊರು.

ಆಶ್ರಮದ ಸಾಂಬಯ್ಯ ಗುರುಗಳು ನೆಟ್‌ವರ್ಕ್ ಕಟ್ಟುವ ವಿದ್ಯೆ ಕಲಿಸುತ್ತಿದ್ದರು. ಆಶ್ರಮದಲ್ಲಿ ಒಂದು, ಊರಿಗೆ ಒಂದರಂತೆ ಕಂಬ ನೆಟ್ಟು, ಮಾತು ಮತ್ತು ಚಿತ್ರ ಕಂಬದಿಂದ ಕಂಬಕ್ಕೆ ಗಾಳಿಯಲ್ಲೇ ದಾಟುವಂತೆ ಮಾಡಿದ್ದರು.

ಆದರೆ ಒಂದೊಂದು ಕವಲಿನ ಮೇಲೂ ಒಂದು ಹೊತ್ತಿಗೆ ಇಷ್ಟೇ ದಾಟಬಹುದು ಎಂಬ ಮಿತಿಯಿತ್ತು. ಎಲ್ಲರಿಗೂ ಸಾಲುತ್ತಿರಲಿಲ್ಲ. ಅದನ್ನು ಹಂಚುವ ಕೆಲಸವನ್ನು ಗುರುಗಳು ಶಿಷ್ಯ ಚೆನ್ನವೀರನಿಗೆ ಒಪ್ಪಿಸಿದರು.

ಚೆನ್ನವೀರ ಲೆಕ್ಕದಲ್ಲಿ ಗಟ್ಟಿಗ. ಯೋಚಿಸಿ ಒಂದು ನಿಯಮ ಮಾಡಿದ. ಒಂದೇ ಕವಲು ದಾಟಿ ಪಕ್ಕದ ಊರು ಸೇರುವ ಮಾತಿಗೆ ಮೊದಲ ಸರದಿ. ಮೂರೂ ಕವಲು ದಾಟಬೇಕಾದದ್ದಕ್ಕೆ, ಜಾಗ ಮಿಕ್ಕಿದರೆ ಮಾತ್ರ.

ಯಾಕೆ ಹೀಗೆ ಎಂದು ಗುರುಗಳು ಕೇಳಿದರು.

“ದೂರದ ಒಂದು ಮಾತಿಗೆ ಮೂರು ಕಡೆ ಜಾಗ ಬೇಕು, ಗುರುಗಳೇ. ಅಷ್ಟೇ ಜಾಗದಲ್ಲಿ ಹತ್ತಿರದ ಮೂರು ಮಾತು ದಾಟುತ್ತವೆ. ಒಟ್ಟು ಇದಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ.”

ಗುರುಗಳು ಲೆಕ್ಕವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎಲ್ಲಿಯೂ ತಪ್ಪಿರಲಿಲ್ಲ. ಜಾಣ ಕೆಲಸ ಎಂದು ಹೊಗಳಿದರು. ಆ ದಿನವೆಲ್ಲ ಚೆನ್ನವೀರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕೊನೆಯ ಊರಿನ ದಾದಿ ದ್ಯಾಮವ್ವನ ಕೈಯಲ್ಲಿ ಆಗ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸೊಂದಿತ್ತು. ದಿನವೂ ಬೆಳಿಗ್ಗೆ ಅದನ್ನು ಪರದೆಯ ಮುಂದೆ ಹಿಡಿದು ಆಶ್ರಮದ ವೈದ್ಯರಿಗೆ ತೋರಿಸುತ್ತಿದ್ದಳು. ಹೊಸ ನಿಯಮ ಬಂದ ಮೇಲೆ ಚಿತ್ರ ಬರಲಿಲ್ಲ. ಅಲ್ಲಿಯ ಕಂಬ ಕೆಟ್ಟಿರಬೇಕು ಎಂದ ಚೆನ್ನವೀರ.

ಮರುದಿನ ಹೊತ್ತು ಏರಿದ ಮೇಲೆ ಗುರುಗಳು ಅವನನ್ನು ಕರೆದರು. “ಆ ಕೂಸು ಹಾಲು ಕುಡಿಯುತ್ತಿದೆಯೋ ಇಲ್ಲವೋ ತಿಳಿಯದು. ಹೋಗಿ ನೋಡಿಕೊಂಡು ಬಾ.”

ಕೊನೆಯ ಊರಿಗೆ ಹೋಗಲು ಮೂರು ಹರಿಗೋಲು ಬದಲಿಸಬೇಕು. ಮೊದಲ ಕವಲಿನಲ್ಲಿ ಹುಟ್ಟು ಹಾಕುವವನು ಹುಲಿಗೆಪ್ಪ. ಎಲ್ಲಿಗೆ ಎಂದು ಕೇಳಿದ. ಕೊನೆಯ ಊರು ಎಂದು ತಿಳಿದಮೇಲೆ, ಸ್ವಲ್ಪ ನಿಲ್ಲಿ, ನಡುಗಡ್ಡೆಗೆ ಹೋಗುವವರು ಮೊದಲು ಎಂದ.

ಹರಿಗೋಲು ತುಂಬಿ ಹೋಯಿತು. ಬಂತು. ಮತ್ತೆ ತುಂಬಿತು. ಬದನೆಕಾಯಿ ಬುಟ್ಟಿಗಳು ಹತ್ತಿದವು, ಎರಡು ಆಡುಗಳೂ ಹತ್ತಿದವು. ಚೆನ್ನವೀರ ಮಾತ್ರ ಮರಳಿನ ಮೇಲೇ ಇದ್ದ.

ಅಲ್ಲೊಂದು ಕೂಸಿನ ಜೀವದ ಪ್ರಶ್ನೆ ಎಂದು ಬೇಡಿಕೊಂಡ.

“ನಿಮ್ಮ ಕೆಲಸ ದೊಡ್ಡದ ಇರಬೇಕ್ರಿ,” ಎಂದ ಹುಲಿಗೆಪ್ಪ. “ಆದ್ರ ನೀವೊಬ್ರು ಹೋದ್ರ ಮೂರು ಹರಿಗೋಲದಾಗ ಜಾಗ ತಿಂತೀರಿ. ಅಷ್ಟ ಜಾಗದಾಗ ಮೂರು ಮಂದಿ ದಾಟತಾರ. ಕಲ್ತವರು, ನೀವ ಲೆಕ್ಕ ಹಾಕ್ರಿ.”

ಬುಟ್ಟಿಯ ಹೆಂಗಸು ನಕ್ಕಳು. “ತಮ್ಮಾ, ನೀ ಹತ್ತಿರದ ಊರಿಗೆ ಹೋಗೋ ಕೆಲಸ ಹಿಡೀಬೇಕಿತ್ತು.”

ಇದು ಯಾರ ನಿಯಮ ಎಂದು ಚೆನ್ನವೀರ ಸಿಟ್ಟಿನಿಂದ ಕೇಳಿದ.

“ಗುರುಗಳು ಹೇಳಿ ಕಳಿಸ್ಯಾರ್ರಿ, ಇವತ್ತೊಂದು ದಿನ ಹಿಂಗ ಮಾಡು ಅಂತ. ನೀವ ಮಾಡಿದ್ದಂತಲ್ರಿ ಇದು?”

ಚೆನ್ನವೀರ ತಲೆ ಎತ್ತಿ ನೋಡಿದ. ನಡುಗಡ್ಡೆಗಳಲ್ಲಿ, ಆಚೆ ದಡದಲ್ಲಿ ಕಂಬಗಳು ಸಾಲಾಗಿ ನಿಂತಿದ್ದವು. ಯಾವುದೂ ಕೆಟ್ಟಿರಲಿಲ್ಲ, ದ್ಯಾಮವ್ವನ ಚಿತ್ರಕ್ಕೆ ಸರದಿಯೇ ಬಂದಿರಲಿಲ್ಲ.

ಅವನು ಆಶ್ರಮಕ್ಕೆ ಓಡಿದ. ಗುರುಗಳು ಕಟ್ಟೆಯ ಮೇಲೆ ಕೂತಿದ್ದರು.

“ಹೆದರಬೇಡ. ವೈದ್ಯರು ನಸುಕಿನಲ್ಲೇ ದಾಟಿದ್ದಾರೆ, ಹುಲಿಗೆಪ್ಪನಿಗೆ ಹೇಳಿ ಕಳಿಸುವ ಮೊದಲೇ. ಕೂಸಿನ ಹತ್ತಿರವೇ ಇದ್ದಾರೆ. ಆದರೆ ಸಂಜೆಗೆ ಅವರು ಹಿಂದಿರುಗಬೇಕು. ನಾಳೆಯಿಂದ ಆ ಕೂಸಿಗೆ ನಿನ್ನ ಕಂಬಗಳೇ ಗತಿ.”

ಒಂದು ಮಾತಿನಲ್ಲಿ ತಪ್ಪು ತೋರಿಸಬಹುದಾಗಿದ್ದ ಗುರುಗಳು ತನ್ನನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಚೆನ್ನವೀರನಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಕೈ ಮುಗಿಯಬೇಕೆನಿಸಿತು.

ಯಂತ್ರದ ಕೋಣೆಗೆ ಹೋಗಿ ನಿಯಮ ತಿದ್ದಿದ. ಪ್ರತಿ ಕವಲಿನಲ್ಲೂ ದೂರದ ಮಾತಿಗೆ ಅರ್ಧ, ಹತ್ತಿರದ್ದಕ್ಕೆ ಅರ್ಧ. ಬಂದು ಹೇಳಿದ.

“ದ್ಯಾಮವ್ವನಿಗೆ ಅರ್ಧ ಕೊಟ್ಟೆ,” ಎಂದರು ಗುರುಗಳು. “ಯಾರಿಂದ ತೆಗೆದೆ?”

“ಹತ್ತಿರದವರಿಂದ.”

“ಒಬ್ಬರಿಂದಲೋ?”

ಚೆನ್ನವೀರ ಬೆರಳು ಮಡಿಸಿ ಎಣಿಸಿದ. ಒಬ್ಬರಿಂದಲ್ಲ, ಮೂರು ಕವಲಿನ ಮೂರು ಕಡೆಯವರಿಂದ. ಅವರೂ ಮಕ್ಕಳ ಪಾಠಕ್ಕೆ, ಮೀನಿನ ದರಕ್ಕೆ ಅದನ್ನೇ ನೆಚ್ಚಿದವರು.

ಅವನು ಮತ್ತೆ ಕೋಣೆಗೆ ಹೋದ. ಗುರುಗಳು ಅವನ ಹಿಂದೆ ಹೋಗಲಿಲ್ಲ, ಏನನ್ನೂ ಹೇಳಿಕೊಡಲಿಲ್ಲ. ಊಟದ ಗಂಟೆ ಹೊಡೆದಾಗ ತಾವೂ ಏಳದೆ ಕಾದರು.

ಬಹಳ ಹೊತ್ತಿನ ಮೇಲೆ ಅವನು ಹೊರಗೆ ಬಂದ.

“ದೂರದ್ದಕ್ಕೆ ಕಾಲು ಭಾಗ, ಹತ್ತಿರದ್ದಕ್ಕೆ ಮುಕ್ಕಾಲು. ದ್ಯಾಮವ್ವ ಮೂರು ಕಡೆ ಜಾಗ ತೆಗೆದುಕೊಳ್ಳುತ್ತಾರೆ, ಅದಕ್ಕೆ ಒಂದೊಂದು ಕಡೆ ಸ್ವಲ್ಪವೇ ತೆಗೆದುಕೊಳ್ಳಲಿ. ಆದರೆ ಬರಿಗೈಯಲ್ಲಿ ಹೋಗದಿರಲಿ. ಆಕೆಯ ಮಾತು ಇಲ್ಲದ ಹೊತ್ತಿನಲ್ಲಿ ಆ ಕಾಲು ಭಾಗವನ್ನೂ ಹತ್ತಿರದವರೇ ಬಳಸಲಿ.”

ಗುರುಗಳ ಮುಖ ಅರಳಿತು. “ಇದನ್ನು ನಾನು ಯೋಚಿಸಿರಲಿಲ್ಲ,” ಎಂದರು. ಅದು ನಿಜವೋ ಅಲ್ಲವೋ ಚೆನ್ನವೀರನಿಗೆ ಎಂದೂ ಗೊತ್ತಾಗಲಿಲ್ಲ.

ಇಬ್ಬರೂ ಪರದೆಯ ಮುಂದೆ ಕೂತರು. ಚಿತ್ರ ನಿಧಾನವಾಗಿ, ತುಣುಕು ತುಣುಕಾಗಿ ಬಂತು. ಮೊದಲು ದ್ಯಾಮವ್ವನ ಸೆರಗು, ಆಮೇಲೆ ವೈದ್ಯರ ಕೈ, ಆಮೇಲೆ ಹಾಲಿನ ಒಳಲೆಗೆ ಬಾಯಿ ಒಡ್ಡಿದ ಕೂಸು. ಕಾಣ್ತದೇನ್ರಿ, ಕಾಣ್ತದೇನ್ರಿ ಎಂದು ದ್ಯಾಮವ್ವ ಕೇಳುತ್ತಲೇ ಇದ್ದಳು.

ಚೆನ್ನವೀರನ ಕಣ್ಣು ಮಾತ್ರ ಪರದೆಯ ಮೂಲೆಯಲ್ಲಿ, ದಾಟಿದ ಮಾತುಗಳ ಒಟ್ಟು ತೋರಿಸುವ ಅಂಕಿಯ ಮೇಲಿತ್ತು.

“ಗುರುಗಳೇ, ಮೊನ್ನೆಗಿಂತ ಒಟ್ಟು ಇಳಿದಿದೆ.”

“ಮೊನ್ನೆಯ ಒಟ್ಟಿನಲ್ಲಿ,” ಎಂದರು ಗುರುಗಳು, “ಯಾರ್ಯಾರಿದ್ದರು?”