ಬಸ್ಸಿನ ಮೇಲಿನ ಹರಿವಾಣ

ಹಳೆಯ ಬಸ್ಸನ್ನೇ ಮನೆ ಮಾಡಿಕೊಂಡಿದ್ದ ಗುರುಲಿಂಗಪ್ಪ ಶನಿವಾರದ ಎಣ್ಣೆಸ್ನಾನಕ್ಕೆಂದು ತಲೆತುಂಬ ಹರಳೆಣ್ಣೆ ತಿಕ್ಕಿಕೊಂಡು ಕೂತಿದ್ದ. ಬಸ್ಸಿನ ಮೇಲೆ ಕರಿ ಡ್ರಮ್ಮು ಬಿಸಿಲಿನಲ್ಲಿ ಅವನ ಸ್ನಾನದ ನೀರು ಕಾಯಿಸುತ್ತಿತ್ತು. ಪಕ್ಕದಲ್ಲಿ, ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆ ಹರಿವಾಣ ಒಣಗುತ್ತಿತ್ತು.

“ಎಲೈ ಮಸಿಮೋರೆ, ಸೂರ್ಯನೇ ನನ್ನಲ್ಲಿ ಮುಖ ನೋಡಿಕೊಳ್ಳುತ್ತಾನೆ, ಕಂಡೆಯಾ?” ಎಂದಿತು ಹರಿವಾಣ.

“ಕಂಡೆ. ಆದರೆ ಅವನು ಕೊಟ್ಟ ಬಿಸಿಲನ್ನೆಲ್ಲ ಆಕಾಶಕ್ಕೇ ಎಸೆಯುತ್ತಿದ್ದೀಯೆ. ಚಳಿಗಾಲದ ಬಿಸಿಲು ನನಗೆ ಸಾಲದು. ಸ್ವಲ್ಪ ಇತ್ತ ತಿರುಗು,” ಎಂದಿತು ಡ್ರಮ್ಮು.

“ನಿನ್ನ ಕಡೆಗೆ? ನಾನು?”

ಅಷ್ಟರಲ್ಲಿ ಕೆಳಗಿನಿಂದ ಕೂಗು ಕೇಳಿಸಿತು. “ನಾಗವೇಣೀ, ಎಣ್ಣೆ ಕಣ್ಣಿಗಿಳೀತು ಕಣೇ! ನೀರು ಕಾಯ್ತಾ?”

“ಇನ್ನೂ ತಣ್ಣಗಿದೆ ರೀ!” ಎಂದಳು ಹೆಂಡತಿ, ನಲ್ಲಿ ತಿರುಗಿಸಿ ನೋಡಿ.

ಹರಿವಾಣಕ್ಕೆ ಅಯ್ಯೋ ಅನ್ನಿಸಿತು. ಗಾಳಿಯ ನೆಪ ಮಾಡಿಕೊಂಡು ಹೊರಳಿ, ಡ್ರಮ್ಮಿನ ಎದುರಿನ ಕಂಬಿಗೆ ಒರಗಿ ನಿಂತಿತು. ಅದರ ಮೈಮೇಲಿನ ಬಿಸಿಲೆಲ್ಲ ಡ್ರಮ್ಮಿನ ಮೇಲೆ ಬಿತ್ತು.

ಸ್ವಲ್ಪ ಹೊತ್ತಿನಲ್ಲೇ ಗುರುಲಿಂಗಪ್ಪ ಬಿಸಿನೀರಿನ ಕೆಳಗೆ ನಿಂತು ಗಂಟಲೆತ್ತಿ ಹಾಡತೊಡಗಿದ.

“ದಿನಾ ಹೀಗೇ ಹಾಡುತ್ತಾನೆಯೆ?” ಎಂದು ಕೇಳಿತು ಹರಿವಾಣ.

“ಇಲ್ಲ, ದಿನಾ ನಡುಗುತ್ತಾನೆ. ಇವತ್ತು ಹಾಡಿಸಿದ್ದು ನೀನು.”

“ಹಾಗಾದರೆ ಮುಂದಿನ ಶನಿವಾರ ಇನ್ನಷ್ಟು ಹುಣಸೆಹಣ್ಣು ಹಾಕಿಸಿ ತಿಕ್ಕಿಸಿಕೊಂಡು ಬರುತ್ತೇನೆ!” ಎಂದು ಹರಿವಾಣ ಹಿಗ್ಗಿತು.