ಬೆವರುಗಲ್ಲು

ಕೊಡಿಹೊಳೆ ಸಮುದ್ರ ಸೇರುವಲ್ಲಿ, ಎಡದಂಡೆಯ ಮೇಲೆ, ಚಪ್ಪರದಂತೆ ಮುಂದಕ್ಕೆ ಚಾಚಿದ ಒಂದು ಕರಿಬಂಡೆಯಿದೆ. ಬಾವಿಗಳೆಲ್ಲ ತಳ ಕಾಣುವ ಕಡುಬೇಸಿಗೆಯಲ್ಲೂ ಅದರ ಅಡಿಯಿಂದ ನೀರು ತೊಟ್ಟಿಕ್ಕುತ್ತದೆ. ನೋಡಲು ಬಂದವರು ಒಳಗೆ ಒರತೆ ಇರಬೇಕು ಎನ್ನುತ್ತಾರೆ. ಇರಬಹುದಪ್ಪ, ಬಂಡೆಯ ಹೊಟ್ಟೆ ಸೀಳಿ ನೋಡಿದವರು ಯಾರು? ಊರವರು ಮಾತ್ರ ಅದನ್ನು ಬೆವರುಗಲ್ಲು ಎಂದು ಕರೆಯುತ್ತಾರೆ. ಅದರ ಕೆಳಗೆ ನಿಂತು ಯಾರೂ ನಗುವುದಿಲ್ಲ.

ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ಇಲ್ಲಿ ವಾಮನಾಚಾರಿ ಎಂಬ ಹಡಗಿನ ಬಡಗಿಯಿದ್ದ. ಎಂಥ ಮುದಿ ಹಡಗನ್ನು ದಡಕ್ಕೆಳೆದು ತಂದರೂ ಲಡ್ಡು ಹಿಡಿದು ಕೊಳೆತ ಹಲಗೆ ಕಿತ್ತು, ಹೊಸದನ್ನು ಕೂಡಿಸಿ, ಸಂದುಗಳಿಗೆ ಹತ್ತಿಯನ್ನೂ ರಾಳವನ್ನೂ ಬಡಿದು ತುಂಬಿ, ಮದುಮಗಳಂತೆ ಮಾಡಿ ಕೊಡುತ್ತಿದ್ದ. ಆಗ ಇಲ್ಲೊಂದು ಕಟ್ಟಳೆಯಿತ್ತು. ನಾವಿಕರು ಓಡಾಡುವ ಮೇಲಟ್ಟದ ಕೆಲಸ ಮುಗಿದ ಮೇಲೆ ಅದರ ತುಂಬ ನೀರು ಕಟ್ಟಬೇಕು. ಕೆಲಸ ಮಾಡಿದ ಆಚಾರಿಯೇ ಅದರ ಕೆಳಗೆ ಅಂಗಾತ ಮಲಗಬೇಕು. ಮೈಮೇಲೆ ಒಂದು ಹನಿ ಬಿದ್ದರೂ "ಬಿತ್ತು" ಎಂದು ಕೂಗಬೇಕು. ಕೂಗಿದರೆ ಸಂದು ಬಿಚ್ಚಿ ಮತ್ತೆ ಮೊದಲಿನಿಂದ. ವಾಮನಾಚಾರಿ ಜನ್ಮದಲ್ಲಿ ಹಾಗೆ ಕೂಗಿದವನಲ್ಲ. ಆ ಹೆಮ್ಮೆ ಅವನ ನೆತ್ತಿಗೇರಿತ್ತು ನೋಡಿ.

ಒಂದು ವರ್ಷ ಸಾಹುಕಾರರ ಹಳೆಯ ಹಡಗು ದುರಸ್ತಿಗೆ ಬಂತು. ಅಕ್ಕಿ ತುಂಬಿಕೊಂಡು ಬಡಗಲ ಬಂದರಿಗೆ ಹೋಗಬೇಕಾದ ಹಡಗು. ಆಚಾರಿಯ ಒಬ್ಬಳೇ ಮಗಳು ಮೂಕಾಂಬು ಗಂಡನ ಮನೆಗೆ ಹೋಗಬೇಕಾಗಿದ್ದದ್ದೂ ಅದರಲ್ಲೇ. ನೀರು ಕಟ್ಟಿದ ದಿನ ದಡದ ತುಂಬ ಜನ. ಕೆಳಗಿನ ಕತ್ತಲಲ್ಲಿ ಆಚಾರಿಯ ಹಣೆಯ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಕೂಗಲೆಂದು ಬಾಯಿ ತೆರೆದ. ಅಷ್ಟರಲ್ಲಿ ಮೇಲೆ ಯಾರೋ, "ಈ ಸಲ ಕೂಗ್ತಾನೆ ಕಾಣಿ, ಪ್ರಾಯ ಆಯ್ತಲ್ಲ!" ಎಂದು ನಕ್ಕದ್ದು ಕೇಳಿಸಿತು. ತೆರೆದ ಬಾಯಿ ಮುಚ್ಚಿಕೊಂಡ. ಅಯ್ಯೋ, ಮುಚ್ಚಬಾರದಿತ್ತು! ಹೊರಗೆ ಬಂದವನನ್ನು ಕಂಡು ಮಗಳು, "ಅಪ್ಪಯ್ಯ, ಹಣೆ ಚಂಡಿ ಆಗಿದೆಯಲ್ಲ?" ಎಂದಳು. "ಬೆವರು ಮಗಾ," ಎಂದ. ಅವಳು ಸೆರಗಿನಿಂದ ಆ ಒದ್ದೆಯನ್ನು ಒರೆಸಿದಳು. ಅಪ್ಪ ಕೂಡಿಸಿದ ಹಲಗೆಯನ್ನು ಮಗಳು ನಂಬದೆ ಮತ್ತಾರು ನಂಬಬೇಕು? ಹಡಗು ಹೊರಟ ದಿನ ಎಲ್ಲರಿಗಿಂತ ಮೊದಲು ಹತ್ತಿದವಳು ಅವಳೇ.

ಬಿರುಗಾಳಿಯೇನೂ ಏಳಲಿಲ್ಲ. ದಿನದಿನದ ಅಲೆಗಳೇ ಮೇಲಟ್ಟಕ್ಕೆ ಅಪ್ಪಳಿಸಿ, ನೀರು ಸಂದಿನಿಂದ ಅಕ್ಕಿಮೂಟೆಗಳಿಗೆ ಇಳಿಯಿತು. ನೀರುಂಡ ಅಕ್ಕಿ ಉಬ್ಬಿತು. ಉಬ್ಬಿ ಉಬ್ಬಿ ಹಡಗಿನ ಪಕ್ಕೆಯನ್ನು ಒಳಗಿನಿಂದಲೇ ಸೀಳಿತು ಎನ್ನುತ್ತಾರೆ. ಕೆಲವು ದಿನಗಳ ಮೇಲೆ ಸಮುದ್ರ ಆ ಅಕ್ಕಿಯನ್ನು ಈ ದಡಕ್ಕೇ ತಂದು ಸುರಿಯಿತು. ಮೂಕಾಂಬುವನ್ನು ತರಲಿಲ್ಲ. ವಾಮನಾಚಾರಿ ಉಳಿ, ಕೊಡತಿಗಳನ್ನು ಹೊಳೆಗೆಸೆದು ಈ ಬಂಡೆಯ ಕೆಳಗೆ ಅಂಗಾತ ಮಲಗಿದ. ಕರೆದರೆ ಏಳಲಿಲ್ಲ, ಅನ್ನ ಇಟ್ಟರೆ ಮುಟ್ಟಲಿಲ್ಲ. ಅಲ್ಲಿಯವರೆಗೆ ಒಣಗಿಯೇ ಇದ್ದ ಬಂಡೆಯಿಂದ ಹನಿ ಬಿದ್ದದ್ದು ಆಗಲೇ ಮೊದಲು. ಹಣೆಗೆ ತಾಗಿದ ಕೂಡಲೇ, "ಬಿತ್ತು! ಬಿತ್ತು ಮಗಾ!" ಎಂದು ಕೂಗಿದನಂತೆ. ಪ್ರಾಣ ಹೋಗುವ ತನಕ ಕೂಗುತ್ತಲೇ ಇದ್ದನಂತೆ.

ಈಗ ಅಲ್ಲಿ ಹಾಯಿಯೂ ಇಲ್ಲ, ಹಡಗಿನ ಬಡಗಿಯೂ ಇಲ್ಲ. ಬಂಡೆಯಡಿ ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಚಂಡಿ ನೆಲ ಕಾಣುತ್ತದೆ. ಹೊಸ ದೋಣಿ ಇಳಿಸುವವರು ಮೊದಲು ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ತಲೆಗೆ ಹನಿ ಬಿದ್ದರೆ ಒರೆಸಿಕೊಳ್ಳುವುದಿಲ್ಲ. ಊರಿಗೆಲ್ಲ ಕೇಳುವಂತೆ "ಬಿತ್ತು" ಎಂದು ಕೂಗಿ, ಆ ದಿನ ದೋಣಿ ಇಳಿಸದೆ ಮನೆಗೆ ಹಿಂದಿರುಗುತ್ತಾರೆ.