ಅವ್ವನ ಬದಲು ಚರ್ಚಿಗೆ ಹೋದ ಚೌರಿ

ಸೂಸೆದೊಡ್ಡಿ ಅಂತ ಒಂದು ಊರು. ಆ ಊರಿಗೊಂದು ಚರ್ಚು, ಚರ್ಚಿಗೊಬ್ಬರು ಜಪ ಪಾಠ ಹೇಳಿಕೊಡುವ ಉಪದೇಶಿ, ಊರಿಗೆಲ್ಲ ಸೇರಿ ಒಬ್ಬನೇ ಒಬ್ಬ ಪೆದ್ದ. ಬೇರೆ ಊರುಗಳಲ್ಲಿ ಪೆದ್ದರು ಇಬ್ಬರೋ ಮೂವರೋ ಇದ್ದು ಕೆಲಸ ಹಂಚಿಕೊಳ್ಳುತ್ತಾರೆ. ಇಲ್ಲಿ ಅಷ್ಟನ್ನೂ ಚೌರಿ ಒಬ್ಬನೇ ಮಾಡಬೇಕಾಗಿತ್ತು.

ಚೌರಿ ಅಂದರೆ ಚೌರಪ್ಪ. ವಯಸ್ಸು ಮೂವತ್ತು, ಆಳು ಎತ್ತಿನ ಹಾಗೆ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು, ಅದೇ ಅವನ ಕಷ್ಟ. ಅಂಗಳದಲ್ಲಿ ಅಕ್ಕಿ ಹರವಿ, ಕೋಳಿ ಬಂದರೆ ಓಡಿಸು ಅಂದರೆ ಆ ಕೋಳಿಯನ್ನು ಪಕ್ಕದ ಊರಿನ ತನಕ ಓಡಿಸಿಕೊಂಡು ಹೋಗುವವನು. ಅಕ್ಕಿಯನ್ನು ಮಿಕ್ಕ ಕೋಳಿಗಳು ತಿನ್ನುತ್ತಿದ್ದವು.

ಅವನ ತಾಯಿ ಆರೋಗ್ಯಮ್ಮ. ಹಿಂದಿನ ವರ್ಷ ಆಕೆಯ ಗಂಡ ಸಂದಪ್ಪ ತೀರಿಕೊಂಡ. ಮಣ್ಣು ಮಾಡಿ ಬಂದ ಮೂರನೇ ದಿನ ಆಕೆ ಉಪದೇಶಿ ಇನ್ನಾಸಪ್ಪನವರ ಹತ್ತಿರ ಹೋಗಿ ಒಂದು ಮಾತು ಕೇಳಿದಳು.

"ಉಪದೇಶಿಗಳೇ, ನನ್ ಗಂಡ ಏಳ್ತಾನಾ?"

"ವಿಶ್ವಾಸದ ಮಂತ್ರದಲ್ಲಿ ಹಂಗೇ ಐತಲ್ಲಮ್ಮ. ದಿನಾ ಹೇಳ್ತೀಯಲ್ಲ, ಶರೀರದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ ಅಂತ."

"ಹೇಳ್ತೀನಿ. ಏಳ್ತಾನಾ ಅಂತ ಕೇಳ್ದೆ."

ಇನ್ನಾಸಪ್ಪನವರಿಗೂ ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು. ಅವರು ಕನ್ನಡಕ ಒರೆಸಿಕೊಂಡು, "ಅಂಥದ್ದೆಲ್ಲ ಕೇಳಬಾರದು" ಅಂದರು. ಆರೋಗ್ಯಮ್ಮ ಮನೆಗೆ ಬಂದಳು. ಇದಕ್ಕೆ ಯಾರಾದರೂ ಹೌದು ಅಂತ ಬಾಯಿಬಿಟ್ಟು ಹೇಳುವ ತನಕ ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ ಅಂತ ಕೂತುಬಿಟ್ಟಳು. ಆದರೆ ಮನೆಯಿಂದ ಒಂದು ತಲೆಯಾದರೂ ಹೋಗದಿದ್ದರೆ ಊರು ಆಡಿಕೊಳ್ಳುತ್ತದೆ. ಅದಕ್ಕೆ ಮಗನನ್ನು ಕಳಿಸತೊಡಗಿದಳು.

ದೊಡ್ಡ ಶುಕ್ರವಾರ ಬಂತು. ಯೇಸುಸ್ವಾಮಿಯ ಶಿಲುಬೆ ಹಾದಿಯನ್ನು ಊರಿನ ಬೀದಿಯಲ್ಲಿ ಆಡಿ ತೋರಿಸುವ ದಿನ. ಆರೋಗ್ಯಮ್ಮ ಮಗನಿಗೆ ಬಿಳಿ ಅಂಗಿ ಹಾಕಿಸಿ ಹೇಳಿದಳು: "ನೋಡ್ಲಾ, ಅಲ್ಲಿ ಕಂಬದಂಗೆ ನಿಂತ್ಕೋಬ್ಯಾಡ. ಯಾರಾದ್ರೂ ಕಷ್ಟಪಡ್ತಿದ್ರೆ ಹೋಗಿ ಆಸರೆ ಆಗು."

"ಆಯ್ತು ಕಣವ್ವ."

ಹೋದ. ಆ ವರ್ಷ ಯೇಸುವಿನ ಪಾತ್ರ ಟೈಲರ್ ಅಂತೋಣಿಯದು. ಅಂತೋಣಿ ಶಿಲುಬೆ ಹೊತ್ತು ರೇಷನ್ ಅಂಗಡಿಯ ಮುಂದೆ ಎರಡನೇ ಸಲ ಬಿದ್ದ. ರಟ್ಟಿನ ಕಿರೀಟದ ರೋಮಿನ ಸಿಪಾಯಿಗಳು ಚಾವಟಿ ಎತ್ತಿದರು. ಚೌರಿ ನೋಡಿದ. ಕಷ್ಟ ಅಂದರೆ ಇದೇ. ಸೀದಾ ಹೋಗಿ ಶಿಲುಬೆಯನ್ನು ಹೆಗಲಿಗೇರಿಸಿಕೊಂಡ. ಸಿರೇನದ ಸೀಮೋನ ಅನ್ನುವವನು ಶಿಲುಬೆ ಹೊತ್ತದ್ದು ಬೈಬಲಿನಲ್ಲೇ ಇರುವುದರಿಂದ ಜನ ಇದೂ ನಾಟಕವೇ ಅಂದುಕೊಂಡು ಕೈಮುಗಿದರು. ಆದರೆ ಸೀಮೋನ ಗುಡ್ಡದ ಕಡೆ ಹೋದ, ಚೌರಿ ಮನೆ ಕಡೆ ತಿರುಗಿದ. ಶಿಲುಬೆಯನ್ನು ತಂದು ಕೊಟ್ಟಿಗೆಯ ಗೋಡೆಗೆ ಒರಗಿಸಿ, ಅದರ ಮೇಲೆ ಹುಲ್ಲು ಮುಚ್ಚಿದ. ಅಲ್ಲಿ ಬೀದಿಯಲ್ಲಿ ಯೇಸು ಇದ್ದರು, ಸಿಪಾಯಿಗಳಿದ್ದರು, ಅಳುವ ಹೆಂಗಸರಿದ್ದರು, ಹೊಡೆಯಲು ಮೊಳೆಯೂ ಇತ್ತು, ಶಿಲುಬೆ ಇರಲಿಲ್ಲ.

"ಏನ್ಲಾ ಇದು, ಹಾಳಾದೋನೆ?" ಅಂದಳು ಆರೋಗ್ಯಮ್ಮ.

"ಬಚ್ಚಿಟ್ಟಿದ್ದೀನಿ ಕಣವ್ವ. ಇದಿಲ್ದಿದ್ರೆ ಅವ್ರು ಎಲ್ಲಿಗ್ ಹೊಡೀತಾರೆ? ಬದುಕ್ಕೊಂಡ್ರು ಬಿಡು."

"ಅಯ್ಯೋ ಪೆದ್ದೇ, ಅವ್ರು ಸಾಯ್ಲೇಬೇಕು ಕಣೋ. ಸಾಯ್ದಿದ್ರೆ ಏಳೋದೆಂಗೆ? ಅಂಥಾ ಕಡೆ ಕೈ ಹಾಕಬಾರ್ದು. ಸುಮ್ನೆ ನಿಂತು ಎದೆ ಬಡ್ಕೊಂಡು ಅಳಬೇಕು."

"ಆಯ್ತು ಕಣವ್ವ. ಇನ್ಮೇಲೆ ಎದೆ ಬಡ್ಕೊಂಡು ಅಳ್ತೀನಿ."

ಅದಾಗಿ ಎರಡನೇ ದಿನ ಪಾಸ್ಕ, ಯೇಸು ಸತ್ತು ಎದ್ದ ಹಬ್ಬ. ಬೆಳಗಿನ ಪೂಜೆ. ಮೂರು ದಿನ ಮೂಕವಾಗಿದ್ದ ಗಂಟೆ ಢಣಢಣ ಅಂತು, ಪೀಠದ ಮೇಲಿನ ಪರದೆ ಸರಿಯಿತು, ಎದ್ದುನಿಂತ ಯೇಸುವಿನ ಸ್ವರೂಪ ಕಂಡಿತು, ಜನ ಎಲ್ಲ ಒಟ್ಟಿಗೆ ಅಲ್ಲೆಲೂಯ ಅಂತ ಹಾಡಿದರು. ಚೌರಿ ನಡುಮಧ್ಯೆ ನಿಂತು, ಎದೆ ಬಡಿದುಕೊಂಡು, ಅಯ್ಯಯ್ಯೋ ಅಂತ ಶುರುಮಾಡಿದ. ಅವನ ಗಂಟಲೂ ಎತ್ತಿನದೇ. ಪಕ್ಕದಲ್ಲಿದ್ದ ಮುದುಕಿಯರಿಗೆ ತಮ್ಮ ತಮ್ಮ ಸತ್ತವರು ನೆನಪಾದರು. ಒಬ್ಬಳು ಸೆರಗು ಬಾಯಿಗೆ ಹಿಡಿದಳು, ಇನ್ನೊಬ್ಬಳು ಹಿಡಿದಳು, ನೋಡನೋಡುತ್ತ ಅರ್ಧ ಚರ್ಚು ಅಳುತ್ತಿತ್ತು. ಪಾದ್ರಿ ಸ್ವಾಮಿಗಳು ಪೂಜೆ ನಿಲ್ಲಿಸಿ, ಸತ್ತವರು ಯಾರು ಅಂತ ವಿಚಾರಿಸಬೇಕಾಯಿತು.

"ನೀನೇ ಹೇಳಿದ್ದಲ್ಲವ್ವ" ಅಂದ ಚೌರಿ.

"ನಾನ್ ಹೇಳಿದ್ದು ಸತ್ತ ದಿನಕ್ಕೆ ಕಣೋ. ಇವತ್ತು ಎದ್ದ ದಿನ. ಗೋರಿ ಕಲ್ಲು ಉರುಳಿಸಿ ಎದ್ದೋರ್ನ ಹುಡುಕ್ಕೊಂಡು ಹೋದ ಹೆಂಗಸ್ರಿಗೆ ದೇವದೂತ ಏನಂದ? ಎದ್ರು, ಇಲ್ಲಿಲ್ಲ ಅಂದ. ಹಂಗೇ ನೀನೂ ನಗ್ನಗ್ತಾ ಎಲ್ಲರ ಬಾಯಿಗೂ ಸಿಹಿ ಹಾಕಿ, 'ಎದ್ರು, ಎದ್ರು, ಇಲ್ಲಿಲ್ಲ' ಅನ್ನಬೇಕು."

ಒಂದು ವರ್ಷದಿಂದ ಆರೋಗ್ಯಮ್ಮ ಈ ಮಾತುಗಳನ್ನು ಬಾಯಿಗೆ ತಂದಿರಲಿಲ್ಲ. ಮಗನಿಗೆ ತಿದ್ದಿ ಹೇಳುವ ಕರ್ಮಕ್ಕೆ ತರಬೇಕಾಯಿತು.

"ಆಯ್ತು ಕಣವ್ವ. ಇನ್ಮೇಲೆ ನಗ್ನಗ್ತಾ ಹೇಳ್ತೀನಿ" ಅಂದ ಚೌರಿ.

ಮುಂದಿನ ವಾರ ಕೆಳಗಿನ ಬೀದಿಯ ಯಾಗಪ್ಪ ಎಂಬತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡ. ಆರೋಗ್ಯಮ್ಮ ಮಗನನ್ನೇ ಕಳಿಸಿದಳು. ಚೌರಿ ದಾರಿಯಲ್ಲಿ ಒಂದು ಪೊಟ್ಟಣ ಕೊಬ್ಬರಿ ಮಿಠಾಯಿ ಹಿಡಿದುಕೊಂಡ. ಹೆಣವನ್ನು ಒಳಮನೆಯಲ್ಲಿ ಮಲಗಿಸಿದ್ದರು, ಜನ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಚೌರಿ ಹಲ್ಲು ಕಿರಿಯುತ್ತ ಬಂದು ಒಬ್ಬೊಬ್ಬರ ಬಾಯಿಗೂ ಮಿಠಾಯಿ ತುರುಕಿದ. "ಎದ್ರು, ಎದ್ರು, ಇಲ್ಲಿಲ್ಲ" ಅಂದ.

ಯಾಗಪ್ಪನ ಹಿರೀಮಗ ಎದ್ದು ಒಳಗೆ ಓಡಿದ. ಎರಡನೆಯವನು ಅವನ ಹಿಂದೆ. ತಮಟೆಯವನು ತಮಟೆ ಬಿಟ್ಟು ಕಾಂಪೌಂಡು ಹಾರಿದ. ಹೆಣ ಎಲ್ಲಿತ್ತೋ ಅಲ್ಲೇ ಇತ್ತು, ಪಾಪ. ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಕ್ಕಳಿಬ್ಬರೂ ಹೊರಗೆ ಬಂದು ಚೌರಿಯನ್ನು ಬೀದಿಯ ಕೊನೆಯ ತನಕ ಬಿಟ್ಟುಬಂದರು, ಎರಡು ಏಟು ಹಾಕಿ.

"ಸತ್ತೋರ ಮನೇಲಿ ಹಂಗಂತಾರೇನೋ?" ಅಂತ ತಲೆ ಚಚ್ಚಿಕೊಂಡಳು ಆರೋಗ್ಯಮ್ಮ. "ಯೇಸುಸ್ವಾಮಿ ಮೂರನೇ ದಿನ ಎದ್ರು. ನಮ್ಮೋರು ಈಗ್ಲೇ ಏಳಲ್ಲ. ಕಡೇ ದಿನ ತುತ್ತೂರಿ ಊದಿದಾಗ ಏಳ್ತಾರೆ. ಅಲ್ಲೀಗಂಟ ಮಲಗಿರ್ತಾರೆ. ನಾವು ಅವ್ರ ಮೇಲೆ ಒಂದು ಹಿಡಿ ಮಣ್ಣು ಹಾಕಿ, 'ಶಾಂತಿಯಿಂದ ಮಲ್ಕೊಳ್ಳಿ' ಅಂದು ಬರಬೇಕು."

"ತುತ್ತೂರಿ ಊದಿದಾಗ ಅಪ್ಪಾನೂ ಏಳ್ತಾನೇನವ್ವ?"

ಆರೋಗ್ಯಮ್ಮ ಒಲೆಯ ಕಡೆ ತಿರುಗಿದಳು. "ಹೋಗಿ ಕೈಕಾಲು ತೊಳ್ಕೊ" ಅಂದಳು.

ಒಂದೆರಡು ದಿನ ಕಳೆಯಿತು. ಮಧ್ಯಾಹ್ನದ ಊಟ ಮುಗಿಸಿದ ಉಪದೇಶಿ ಇನ್ನಾಸಪ್ಪನವರು ಚರ್ಚಿನ ಜಗಲಿಯ ಮೇಲೆ ಅಂಗಾತ ಮಲಗಿದ್ದರು. ಕೈ ಎರಡೂ ಎದೆಯ ಮೇಲೆ, ಬಾಯಿ ತೆರೆದಿತ್ತು. ಚೌರಿ ಆ ಕಡೆ ಬಂದ. ನಿಂತ. ಶಿಲುಬೆ ಗುರುತು ಹಾಕಿಕೊಂಡ. ಹೂವಿನ ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದು, "ಶಾಂತಿಯಿಂದ ಮಲ್ಕೊಳ್ಳಿ ಉಪದೇಶಿಗಳೇ" ಅಂತ ಹಾಕಿದ. ಅವನ ಹಿಡಿಯೂ ದೊಡ್ಡದು.

ಇನ್ನಾಸಪ್ಪನವರು ಅವನ ಕಿವಿ ಹಿಡಿದು ಮನೆಗೇ ಎಳೆದುಕೊಂಡು ಬಂದರು. ಮೀಸೆಯಲ್ಲಿ ಇನ್ನೂ ಮಣ್ಣಿತ್ತು.

"ನೋಡಮ್ಮ, ನಿನ್ ಮಗ ನನ್ನ ಜೀವಂತ ಹೂಳ್ತಾವ್ನೆ."

ಆರೋಗ್ಯಮ್ಮನಿಗೆ ನಗು ಬಂತು. ಗಂಡ ಸತ್ತ ಮೇಲೆ ಅದೇ ಮೊದಲು. ಅದನ್ನು ನುಂಗಿಕೊಂಡು ಮಗನಿಗೆ ಗದರಿದಳು. "ಮಲಗಿರೋರ ಮೇಲೆ ಏನಾದ್ರೂ ಹಾಕ್ತಾರೇನೋ? ಏನಾದ್ರೂ ಬಿದ್ದಿದ್ರೆ ನಾವೇ ಎತ್ತಿ ಪಕ್ಕಕ್ಕಿಡಬೇಕು. ಅವ್ರು ಎದ್ದಾಗ ಸಲೀಸಾಗಿ ಏಳಂಗಿರಬೇಕು."

"ಆಯ್ತು ಕಣವ್ವ. ಎತ್ತಿ ಪಕ್ಕಕ್ಕಿಡ್ತೀನಿ."

ಇಷ್ಟಾದ ಮೇಲೆ ಟೈಲರ್ ಅಂತೋಣಿಯ ತಂಗಿಯ ಮದುವೆ ಬಂತು. ಮದುವೆಯೂ ಚರ್ಚಿನಲ್ಲೇ, ಹಾಗಾಗಿ ಅದಕ್ಕೂ ಚೌರಿಯೇ ಹೋದ. ಪೇಟೆಯಿಂದ ಬ್ಯಾಂಡಿನವರು ಬಂದಿದ್ದರು. ಎಲ್ಲರೂ ಒಳಗೆ ಹೋದ ಮೇಲೆ, ಕೆಂಪು ಕೋಟಿನ ಒಬ್ಬ ಮರದ ನೆರಳಲ್ಲಿ ನಿಂತು, ಹಿತ್ತಾಳೆಯ ತುತ್ತೂರಿ ತೆಗೆದು, ಸರಿಯಿದೆಯೋ ಇಲ್ಲವೋ ನೋಡಲು ಜೋರಾಗಿ ಊದಿದ.

ಚೌರಿ ಬಾಗಿಲಲ್ಲೇ ನಿಂತುಬಿಟ್ಟ. ಕಡೇ ದಿನ ಬಂದೇಬಿಟ್ಟಿದೆ, ಊರವರೆಲ್ಲ ಮದುವೆಯಲ್ಲಿದ್ದಾರೆ, ಅಪ್ಪನ ಮೇಲೆ ಅಷ್ಟು ದೊಡ್ಡ ಚಪ್ಪಡಿ ಕಲ್ಲು. ಅಪ್ಪನಿಗೆ ಮೊದಲೇ ಸೊಂಟನೋವು. ಒಂದೇ ಓಟ ಓಡಿ, ಗೋಡೆಗೊರಗಿಸಿದ್ದ ಹಾರೆ ಎತ್ತಿಕೊಂಡು, ಚರ್ಚಿನ ಹಿಂದಿನ ಗೋರಿತೋಟಕ್ಕೆ ನುಗ್ಗಿದ.

ಪೂಜೆ ಮುಗಿದು ಜನ ಹೊರಗೆ ಬಂದಾಗ ಹದಿನೇಳು ಗೋರಿಗಳ ಹದಿನೇಳು ಚಪ್ಪಡಿಗಳೂ ಪಕ್ಕಕ್ಕೆ ಕೂತಿದ್ದವು. ಎಲ್ಲದರ ಕೆಳಗೂ ಬರೀ ಮಣ್ಣು, ತೇವದ ಮಣ್ಣು, ಅಲ್ಲಲ್ಲಿ ಎರೆಹುಳ. ಚೌರಿ ಬೆವೆತು ತೊಪ್ಪೆಯಾಗಿ ನಡುವೆ ಕೂತಿದ್ದ. ಮದುವೆ ಹೆಣ್ಣು ಕಿರುಚಿದಳು. ಯಾರೋ ಓಡಿಹೋಗಿ ಆರೋಗ್ಯಮ್ಮನನ್ನು ಕರೆತಂದರು. ಇನ್ನಾಸಪ್ಪನವರ ಮುಖ ಕೆಂಪಾಗಿತ್ತು. ತಮ್ಮ ಹೆಂಡತಿ ಮದಲೇನಮ್ಮನ ಕಲ್ಲೂ ಪಕ್ಕಕ್ಕೆ ಬಿದ್ದಿದ್ದನ್ನು ಅವರು ನೋಡಿದ್ದರು.

"ಯಾರ್ ಏಳ್ತಾರೆ ಅಂತ ಇದ್ನೆಲ್ಲ ತೆಗ್ದೆಯೋ, ಮುಠ್ಠಾಳ? ಯಾರ್ ಏಳ್ತಾರೆ ಇಲ್ಲಿ?"

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ಹಿಂದೆ ಸ್ವಾಮಿಗಳು ಪೂಜೆಯ ವಸ್ತ್ರದಲ್ಲೇ ನಿಂತಿದ್ದರು. ಉಪದೇಶಿಗಳು ಕನ್ನಡಕ ತೆಗೆದು ಒರೆಸತೊಡಗಿದರು.

ಚೌರಿ ಅವರ ಕಡೆ ನೋಡಲಿಲ್ಲ, ಅವ್ವನನ್ನು ನೋಡಿದ. "ಅಪ್ಪ ಏಳ್ಲಿಲ್ಲ ಕಣವ್ವ" ಅಂದ. "ಅವನೊಬ್ನೇ ಎದ್ರೆ ಮಾತಾಡೋಕೆ ಯಾರೂ ಇರಲ್ಲ ಅಂತ ಎಲ್ಲಾರ್ದೂ ತೆಗ್ದೆ. ಆದ್ರೂ ಏಳ್ಲಿಲ್ಲ. ನಾನೇ ಏನೋ ತಪ್ಪು ಮಾಡಿದ್ದೀನಿ." ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಅಳತೊಡಗಿದ.

ಆರೋಗ್ಯಮ್ಮ ಬೈಯಲು ಬಾಯಿ ತೆರೆದಳು. ಬೈಯುವ ಬದಲು ಅವನ ಕೈಯಲ್ಲಿದ್ದ ಹಾರೆ ತೆಗೆದು ಪಕ್ಕಕ್ಕಿಟ್ಟಳು. ಇವನಿಗೆ ದೇವರ ಮೇಲೆ ಅನುಮಾನವಿಲ್ಲ, ಅಪ್ಪನ ಮೇಲೆ ಇಲ್ಲ, ತನ್ನ ಮೇಲೆ ಮಾತ್ರ ಅನುಮಾನ. ಒಂದು ವರ್ಷ ತಾನು ಮನೆಯಲ್ಲಿ ಕೂತು ಕಾದಿದ್ದನ್ನು ಈ ಪೆದ್ದ ಹಾರೆ ಹಿಡಿದು ಕಾದಿದ್ದಾನೆ ಅಂತ ಆಕೆಗೆ ಅನ್ನಿಸಿತು.

"ನಿನ್ ತಪ್ಪಲ್ಲ ಕಣೋ" ಅಂದಳು. "ಅದು ಮದ್ವೆ ಬ್ಯಾಂಡು. ಆ ತುತ್ತೂರಿ ಅಲ್ಲ."

"ಹಂಗಾರೆ ಆ ತುತ್ತೂರಿ ಊದ್ತದಾ?"

ಊರೇ ನಿಂತಿತ್ತು. ಆರೋಗ್ಯಮ್ಮ ಉಪದೇಶಿಗಳನ್ನು ನೋಡಿದಳು, ಅವರು ನೆಲ ನೋಡುತ್ತಿದ್ದರು. ಬೇರೆ ಯಾರೂ ಹೇಳುವ ಹಾಗೆ ಕಾಣಲಿಲ್ಲ. ಆಕೆ ಗಂಡನ ಮಣ್ಣಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಮಗನ ಮುಖ ಸೆರಗಿನಲ್ಲಿ ಒರೆಸಿದಳು.

"ಊದ್ತದೆ" ಅಂದಳು. "ನಿಮ್ಮಪ್ಪ ಏಳ್ತಾನೆ."

ಆಮೇಲೆ ಕಲ್ಲು ಮುಚ್ಚುವ ಮಾತು ಬಂತು. ತೆಗೆದವನೇ ಮುಚ್ಚಬೇಕು ಅಂತಾಯಿತು. ಆರೋಗ್ಯಮ್ಮ ಮಗನ ಕಿವಿಯಲ್ಲಿ ಹೇಳಿದಳು: "ನಿಮ್ಮಪ್ಪಂದು ಮಾತ್ರ ಒಂದು ಗೇಣು ಬಿಟ್ಟು ಮುಚ್ಚು." ಉಪದೇಶಿಗಳು ದೂರದಿಂದ ಕೂಗಿದರು: "ಎಲ್ಲಾನೂ ಒಂದೇ ಸಮ ಇರಬೇಕು. ಒಂದು ಹೆಚ್ಚು ಒಂದು ಕಮ್ಮಿ ಆಗಬಾರ್ದು." ಚೌರಿ ಇಬ್ಬರಿಗೂ ಆಯಿತು ಅಂದ. ಇಬ್ಬರೂ ಹೇಳಿದ ಹಾಗೇ ಮಾಡಿದ. ಹದಿನೇಳು ಗೋರಿಗಳಿಗೂ ಒಂದೊಂದು ಗೇಣು ಸಂದು ಬಿಟ್ಟ.

ಮುಂದಿನ ಭಾನುವಾರ ಆರೋಗ್ಯಮ್ಮ ಯಾರನ್ನೂ ಕಳಿಸಲಿಲ್ಲ, ತಾನೇ ಹೋದಳು. ಪೂಜೆ ಮುಗಿಸಿಕೊಂಡು ಹಿಂದಕ್ಕೆ ಬಂದಾಗ ಮಗ ಗೋರಿತೋಟದ ಕಟ್ಟೆಯ ಮೇಲೆ ಕೂತಿದ್ದ. ಅವನ ಮುಂದೆ ಇನ್ನಾಸಪ್ಪನವರು ಹಾರೆ ಹಿಡಿದು ನಿಂತಿದ್ದರು. ಸರಿ, ಸಂದು ಮುಚ್ಚಿಸಲು ಬಂದಿದ್ದಾರೆ, ಇನ್ನು ಬೈಗುಳ ಶುರುವಾಗುತ್ತದೆ ಅಂದುಕೊಂಡು ಆಕೆ ಬೇಗ ಬೇಗ ಹೆಜ್ಜೆ ಹಾಕಿದಳು.

ಉಪದೇಶಿಗಳು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುತ್ತಿದ್ದರು: "ಲೋ ಚೌರಿ, ನಮ್ ಮದಲೇನಮ್ಮ ಸ್ವಲ್ಪ ದಪ್ಪ ಇದ್ಲು ಕಣೋ. ಒಂದು ಗೇಣು ಸಾಲ್ತದೇನೋ?"

ಚೌರಿ ಎದ್ದು ಹೋಗಿ, ಕೈಯಗಲಿಸಿ ಅಳೆದು ನೋಡಿದ. ಹಾರೆ ತೆಗೆದುಕೊಂಡು ಕಲ್ಲನ್ನು ಇನ್ನೊಂದು ಗೇಣು ಸರಿಸಿದ.